ಎಂಟನೇ ಕಂತಿನ ಹಳದಿ ಮಫ್ಲರ್

“ಯಜಮಾನ್ರೇ, ಸಾಲು ಇಲ್ಲಿಂದ. ಮೊಮ್ಮಗಳಿಗೋಸ್ಕರ ಬಂದಿದೀರಾ?”

ಕೂದಲಿಗೆ ನೀಲಿ ಬಣ್ಣ ಹಚ್ಚಿದ್ದ ಹುಡುಗಿ ಕೇಳಿದಳು. ಅರವತ್ತೊಂದು ವರ್ಷದ ಕುವಾಬಾರ ಅವಳ ಹಿಂದೆ ಹೋಗಿ ನಿಂತ.

“ಇಲ್ಲಮ್ಮ, ನನಗೇ.”

“ಹೌದಾ! ‘ನಾಲ್ಕು ನಿಲ್ದಾಣದಾಚೆ’ ಪೂರ್ತಿ ನೋಡಿದೀರಾ? ಯಾರಿಷ್ಟ ನಿಮಗೆ?”

“ಎಂಟನೇ ಕಂತಲ್ಲಿ ಬೆಂಚಿನ ಹಿಂದೆ ಒಬ್ಬಳು ನಿಂತಿರ್ತಾಳಲ್ಲ, ಹಳದಿ ಮಫ್ಲರ್ ಹಾಕ್ಕೊಂಡು.”

“ಅವಳಾ? ಹೆಸರಿಲ್ಲ, ಮಾತಿಲ್ಲ, ನಾಲ್ಕೇ ಸೆಕೆಂಡು ಬಂದು ಹೋಗ್ತಾಳೆ!” ಹುಡುಗಿ ಗೆಳತಿಯ ಭುಜ ತಟ್ಟಿ ನಕ್ಕಳು. “ನೋಡೇ, ಈ ತಾತಂಗೆ ನಮಗಿಂತ ಜಾಸ್ತಿ ಹುಚ್ಚು.”

ಹುಚ್ಚೇ. ಆ ನಾಲ್ಕು ಸೆಕೆಂಡನ್ನು ಕುವಾಬಾರ ಎಂಟು ವರ್ಷಗಳಿಂದ ದಿನಾ ನೋಡುತ್ತಿದ್ದ. ಅವನ ಲೆಕ್ಕದಲ್ಲಿ ಆ ಹುಡುಗಿಗೆ ಹೆಸರೂ ಇತ್ತು. ಮಿನೊರಿ. ಅವನ ಒಬ್ಬಳೇ ಮಗಳು.

ಹನ್ನೊಂದು ವರ್ಷದ ಹಿಂದೆ, ಡಿಸೆಂಬರಿನ ಒಂದು ಬೆಳಿಗ್ಗೆ, ಹದಿನೇಳರ ಮಿನೊರಿ ಶಾಲೆಗೆಂದು ರೈಲು ಹತ್ತಿದಳು. ಶಾಲೆ ತಲುಪಲಿಲ್ಲ. ಕುವಾಬಾರ ಕೆಲಸ ಬಿಟ್ಟ. ಆ ಮಾರ್ಗದ ಹದಿನಾರು ನಿಲ್ದಾಣಗಳಲ್ಲೂ ಪೋಸ್ಟರ್ ಅಂಟಿಸಿದ, ಪೊಲೀಸರ ಬಾಗಿಲು ಸವೆಸಿದ, ಆಸ್ಪತ್ರೆ, ಶವಾಗಾರ ಒಂದನ್ನೂ ಬಿಡಲಿಲ್ಲ. ಮೂರು ವರ್ಷ ಏನೂ ಸಿಗಲಿಲ್ಲ.

ಆಮೇಲೊಂದು ದಿನ ಕ್ಷೌರದಂಗಡಿಯ ಟೀವಿಯಲ್ಲಿ ಶಾಲಾ ಹುಡುಗಿಯರ ಈ ಅನಿಮೆ, ಅಂದರೆ ಬರೆದ ಚಿತ್ರಗಳ ಧಾರಾವಾಹಿ, ಬರುತ್ತಿತ್ತು. ದಟ್ಟವಾಗಿ ಹಿಮ ಬೀಳುವ ಪ್ಲಾಟ್‌ಫಾರ್ಮು. ಬೆಂಚಿನ ಹಿಂದೆ, ಎದೆಯವರೆಗೆ ಮಾತ್ರ ಕಾಣುವ ಹುಡುಗಿ. ಹೆಂಡತಿ ಫುಮಿಕೊ ಹೆಣೆದಿದ್ದ ಹಳದಿ ಮಫ್ಲರ್. ಎಡಗಣ್ಣಿನ ಕೆಳಗೆ ಮಚ್ಚೆ. ಬಿಸಿಲು ಕಣ್ಣಿಗೆ ಹೊಡೆದವಳಂತೆ ತುಸು ಕಿರಿದಾದ ಕಣ್ಣು, ಓರೆಯಾದ ಕತ್ತು. ಅರ್ಧ ಕ್ಷೌರದಲ್ಲೇ ಕುವಾಬಾರ ಎದ್ದು ನಿಂತ.

ಉಳಿದದ್ದನ್ನು ಅಭಿಮಾನಿಗಳೇ ಅವನಿಗೆ ಹೇಳಿಕೊಟ್ಟರು. ಈ ಧಾರಾವಾಹಿಯವರು ಊರುಕೇರಿಗಳನ್ನು ಕಲ್ಪಿಸಿ ಬರೆಯುವುದಿಲ್ಲ. ನಿಜವಾದ ಜಾಗಕ್ಕೆ ಹೋಗಿ, ಫೋಟೊ ತೆಗೆದು, ಕಂಡದ್ದನ್ನು ಕಂಡ ಹಾಗೆ ಬರೆಯುತ್ತಾರೆ. ಅಭಿಮಾನಿಗಳು ಆ ಜಾಗಗಳಿಗೆ ಯಾತ್ರೆ ಹೋಗಿ, ಚಿತ್ರ ಹಿಡಿದುಕೊಂಡು ಒಂದೊಂದನ್ನೂ ತಾಳೆ ನೋಡುತ್ತಾರೆ. ಕುವಾಬಾರನೂ ಹೋದ. ಬೆಂಚಿನ ಮುರಿದ ಪಟ್ಟಿ ಸರಿಯಾಗಿತ್ತು. ಗಡಿಯಾರದ ಒಡೆದ ಗಾಜು ಸರಿಯಾಗಿತ್ತು. ಅಷ್ಟೆಲ್ಲ ನಿಜವಾದ ಮೇಲೆ ಹುಡುಗಿ ಮಾತ್ರ ಸುಳ್ಳಾಗುವುದು ಹೇಗೆ? ಫೋಟೊ ತೆಗೆದದ್ದು ಮಿನೊರಿ ಕಾಣೆಯಾಗಿ ಎರಡು ವರ್ಷದ ಮೇಲೆ. ಹಾಗಾದರೆ ಆಗ ಅವಳು ಬದುಕಿದ್ದಳು.

“ಎರಡು ವರ್ಷದಲ್ಲಿ ಒಂಚೂರೂ ಬದಲಾಗಿಲ್ಲ ಕಣೇ ನಮ್ಮ ಹುಡುಗಿ,” ಎಂದು ಫುಮಿಕೊಗೆ ಹೇಳಿದ್ದ.

“ಅದು ಬೊಂಬೆ ಕಣ್ರೀ,” ಎಂದಿದ್ದಳು ಅವಳು.

ಆ ದೃಶ್ಯದ ಹಿನ್ನೆಲೆ ಬರೆದವನು ಇನಾಗಾಕಿ ಎಂಬ ಕಲಾವಿದ. ಕುವಾಬಾರ ಸ್ಟುಡಿಯೋ ವಿಳಾಸಕ್ಕೆ ಅವನ ಹೆಸರಿನಲ್ಲಿ ಹದಿನಾಲ್ಕು ಪತ್ರ ಬರೆದ. ಒಂದಕ್ಕೂ ಉತ್ತರ ಬರಲಿಲ್ಲ. ಮುಚ್ಚಿಡುವುದು ಏನೂ ಇಲ್ಲದವನು ಹೀಗೇಕೆ ಬಾಯಿ ಹೊಲಿದುಕೊಂಡು ಕೂರಬೇಕು? ಎಷ್ಟೋ ಸಲ ಆ ಇನಾಗಾಕಿಯ ಕುತ್ತಿಗೆ ಹಿಸುಕುವ ಆಸೆ ಅವನಿಗೆ ಬಂದದ್ದಿದೆ. ಇವತ್ತು ಮೊದಲ ಸಲ ಆ ಮನುಷ್ಯ ಅಭಿಮಾನಿಗಳ ಮುಂದೆ ಕೂತಿದ್ದ. ಒಬ್ಬರಿಗೆ ಒಂದು ರಟ್ಟಿನ ಹಲಗೆ, ಅದರ ಮೇಲೆ ಅವರು ಕೇಳಿದ ಪಾತ್ರ, ಜೊತೆಗೊಂದು ರುಜು.

ಕುವಾಬಾರನ ಚೀಲದಲ್ಲಿ ಕೋರ್ಟಿನ ಅರ್ಜಿ ಇತ್ತು. ಮಿನೊರಿ ಸತ್ತಿದ್ದಾಳೆಂದು ಘೋಷಿಸಬೇಕೆಂಬ ಅರ್ಜಿ. ರುಜುವಿನ ಜಾಗದಲ್ಲಿ ಫುಮಿಕೊ ತನ್ನ ಮುದ್ರೆ ಒತ್ತಿಯಾಗಿತ್ತು.

“ಆ ಮನುಷ್ಯ ನೋಡಿದೀನಿ ಅಂದ್ರೆ ನಾನೇ ಇದನ್ನ ಹರಿದು ಹಾಕ್ತೀನಿ,” ಎಂದು ಬೆಳಿಗ್ಗೆ ಅನ್ನ ಬಡಿಸುತ್ತಾ ಹೇಳಿದ್ದಳು. “ಇಲ್ಲ ಅಂದ್ರೆ ನೀವೂ ಒತ್ತಿಬಿಡಿ. ಸಮಾಧಿ ಮೇಲೆ ಅವಳ ಹೆಸರಾದ್ರೂ ಇರ್ಲಿ. ನನಗೆ ಸಾಕಾಗಿದೆ ರೀ.”

ಅವನ ಸರದಿ ಬಂತು. ಇನಾಗಾಕಿ ನಲವತ್ತರ ಸಪೂರ ಮನುಷ್ಯ, ನಗುಮುಖ.

“ಎಂಟನೇ ಕಂತಿನ ಹಳದಿ ಮಫ್ಲರ್,” ಎಂದ ಕುವಾಬಾರ.

ಇನಾಗಾಕಿಯ ನಗು ಹೋಯಿತು. ತಲೆ ತಗ್ಗಿಸಿ ಬರೆಯತೊಡಗಿದ. ಎದುರಿಗೆ ಯಾವ ಚಿತ್ರವೂ ಇರಲಿಲ್ಲ, ಆದರೂ ಮಚ್ಚೆ ಇರಬೇಕಾದಲ್ಲೇ ಬಿತ್ತು. ಕತ್ತು ಸರಿಯಾಗಿ ಓರೆಯಾಯಿತು. ಎದೆಯ ಹತ್ತಿರ ಬಂದು ಪೆನ್ನು ನಿಂತಿತು.

“ಪೂರ್ತಿ ಬರೀರಿ.”

“ಅದರಿಂದ ಕೆಳಗೆ ಹೇಗಿದ್ಲೋ ನನಗೆ ಗೊತ್ತಿಲ್ಲ ಯಜಮಾನ್ರೇ.”

ಕುವಾಬಾರ ಹಲಗೆಯಿಂದ ಕಣ್ಣೆತ್ತಿದ. “ಹಾಗಾದ್ರೆ ಅವಳನ್ನ ನೋಡಿದೀರಾ ನೀವು?”

ಇನಾಗಾಕಿ ಅಕ್ಕಪಕ್ಕ ನೋಡಿ ದನಿ ತಗ್ಗಿಸಿದ. “ನೋಡಿದೀನಿ. ಅದೇ ನಿಲ್ದಾಣದಲ್ಲಿ.”

ಕುವಾಬಾರನಿಗೆ ಅಳು ಬಂತು. ಎಂಟು ವರ್ಷ ಜನ ಆಡಿಕೊಂಡದ್ದೆಲ್ಲ ಆ ಒಂದು ಮಾತಿಗೆ ತೊಳೆದುಹೋಯಿತು. ಫುಮಿಕೊ ಅರ್ಜಿ ಹರಿಯುವುದು ಅವನ ಕಣ್ಣಿಗೆ ಕಟ್ಟಿತು.

“ಒಬ್ಬಳೇ ಇದ್ಲಾ?”

“ಒಬ್ಬಳೇ. ಅಷ್ಟು ಜನ ಓಡಾಡ್ತಿದ್ರು, ಒಬ್ಬರಾದ್ರೂ ತಿರುಗಿ ನೋಡ್ಲಿಲ್ಲ. ನನಗೆ ಮಾತ್ರ ಕಣ್ಣು ಕೀಳೋಕಾಗ್ಲಿಲ್ಲ.” ಇನಾಗಾಕಿ ತುಟಿ ಕಚ್ಚಿಕೊಂಡ. “ತಪ್ಪು ಮಾಡ್ದೆ. ಯಾರನ್ನೂ ಕೇಳದೆ ನನ್ನ ಜೊತೆ ತಂದುಬಿಟ್ಟೆ.”

ಕುವಾಬಾರ ಮೇಜಿನ ಮೇಲೆ ಬಾಗಿ ಅವನ ಮಣಿಕಟ್ಟು ಹಿಡಿದ. “ಎಲ್ಲಿದಾಳೆ? ಈಗ ಎಲ್ಲಿದಾಳೆ ಹೇಳಿ!”

“ಇಲ್ಲೇ ಇದಾಳೆ, ತೋರಿಸ್ತೀನಿ,” ಎಂದು ಇನಾಗಾಕಿ ಚೀಲದಿಂದ ಮಾಸಿದ ಕಾಗದವೊಂದನ್ನು ತೆಗೆದು ಬಿಡಿಸಿದ. ನಾಲ್ಕು ಮೂಲೆಯೂ ಹರಿದಿದ್ದ ಅದರ ಕೆಳತುದಿಯಲ್ಲಿ ಕುವಾಬಾರನ ಮನೆಯ ಫೋನ್ ನಂಬರಿತ್ತು. “ಗೋಡೆಗೆ ಅಂಟಿಸಿದ್ರು, ಕಿತ್ಕೊಂಡು ಬಂದೆ. ಮುಖ ಅಷ್ಟು ಚೆನ್ನಾಗಿತ್ತು. ಪಾಪ, ಆಮೇಲೆ ಸಿಕ್ಕಿದ್ಲಾ, ನಿಮಗೇನಾದ್ರೂ ಗೊತ್ತಾ?”