ಹಾಡಿನ ನಡುವೆ ಎಳೆದ ಸ್ವಿಚ್

ಗಾಳಿಗೆ ವೇದಿಕೆಯ ಚಾವಣಿ ಒಂದು ಗೇಣು ಮೇಲೆದ್ದದ್ದನ್ನು ಕಂಡದ್ದೇ ತಡ, ಸೌಂಡ್ ಇಂಜಿನಿಯರ್ ಹಾಡಿನ ನಡುವೆಯೇ ಮೈನ್ ಸ್ವಿಚ್ ಎಳೆದುಬಿಟ್ಟಳು. ಮೈದಾನದ ತುಂಬ ಸೇರಿದ್ದ ಜನ ಹೋ ಎಂದು ಕೂಗಿದರು. ವೇದಿಕೆಯ ಮೇಲೆ ಡ್ರಮ್ಸ್ ಬಾರಿಸುತ್ತಿದ್ದ ಅವಳ ತಮ್ಮ ಅವಳತ್ತ ದುರುಗುಟ್ಟಿ ನೋಡಿದ.

"ಒಂದು ಹನಿ ಮಳೆ ಬಂದಿಲ್ಲ, ಸ್ವಿಚ್ ಹಾಕಿ ಮೇಡಂ!" ಎಂದು ಆಯೋಜಕರು ಓಡಿಬಂದರು.

ಅವಳು ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತಳು. "ನನ್ನ ಕೆಲಸ ಹೋದ್ರೂ ಹಾಕಲ್ಲ ಸರ್. ಮುಂದಿರೋರೆಲ್ಲ ಹಿಂದೆ ಸರೀರಿ! ಏಯ್, ಎಲ್ರನ್ನೂ ಕರ್ಕೊಂಡು ಇಳಿಯೋ!" ಎಂದು ತಮ್ಮನಿಗೂ ಕೂಗಿದಳು.

ತಮ್ಮನಿಗೆ ಇದು ಮೊದಲ ದೊಡ್ಡ ಕಾರ್ಯಕ್ರಮ. "ಮಾನ ಕಳೆದೆ ಅಕ್ಕ" ಎಂದು ಗೊಣಗುತ್ತ, ಉಳಿದವರನ್ನು ಮುಂದೆ ಬಿಟ್ಟು ಕೊನೆಗೆ ಇಳಿದ. ಅವನು ನಾಲ್ಕು ಮಾರು ದೂರ ಬಂದಿದ್ದನಷ್ಟೆ, ಬಿರುಗಾಳಿ ಅಪ್ಪಳಿಸಿತು. ಕಬ್ಬಿಣದ ಚೌಕಟ್ಟು ದೀಪಗಳ ಸಮೇತ ಡ್ರಮ್ಸಿನ ಮೇಲೆ ಕುಸಿದುಬಿತ್ತು. ಹಿಂದೆಯೇ ಮಳೆ ಸುರಿಯತೊಡಗಿತು.

"ಒಳಗೆ ಯಾರಾದ್ರೂ ಇದ್ದಾರಾ?" ಎಂದು ಆಯೋಜಕರು ಕೂಗಿದರು.

"ಯಾರೂ ಇಲ್ಲ ಸರ್, ನಾನೇ ಕೊನೆಯವನು," ಎಂದ ತಮ್ಮ.

ಅದನ್ನು ಕೇಳಿದ ಮೇಲೆಯೇ ಅಕ್ಕ ಸ್ವಿಚ್ಚಿನ ಬಳಿಯಿಂದ ಕದಲಿದ್ದು. ಅವಳು ಕೆಸರಿನಲ್ಲೇ ಕುಸಿದು ಕೂತಳು.

"ಏಳಕ್ಕ, ನೆನೀತಿದ್ದೀಯ."

"ನೆನೀಲಿ ಬಿಡೋ. ನೀನೂ ಬಾ, ಕೂತ್ಕೋ," ಎಂದು ಅವನ ಒದ್ದೆ ಅಂಗಿ ಹಿಡಿದು ಪಕ್ಕಕ್ಕೆಳೆದುಕೊಂಡಳು.