ಗುರುತು

ನದಿಯಂಚಿನ ಪಕ್ಷಿಧಾಮದ ಸುತ್ತುದಾರಿಯಲ್ಲಿ ಅವಳು ಕೋಲಿನಿಂದ ಜೊಂಡು ಸರಿಸಿ ನೋಡುತ್ತಿದ್ದಳು. ತೆಪ್ಪ ಮಗುಚಿ ಗಂಡ ಕೊಚ್ಚಿಹೋಗಿ ವರ್ಷವಾದರೂ ಹೆಣ ಸಿಕ್ಕಿರಲಿಲ್ಲ.

"ಕಣ್ಣಾರೆ ಕಾಣೋವರ್ಗೂ ನೀನು ಮುತ್ತೈದೇನೇ ಕಣವ್ವ. ಯಾವ ಬಾಯಿ ಏನಂದೀತು?" ಎನ್ನುತ್ತ ಅತ್ತೆ ದಿನವೂ ಜೊತೆಗೆ ಬರುತ್ತಿದ್ದಳು.

ಇಂದು ಅತ್ತೆ ಮುಂದೆ ಸಾಗಿದಾಗ ಕಾವಲುಗಾರ ಹಿಂದುಳಿದ ಸೊಸೆಯನ್ನು ತಡೆದ.

"ಇನ್ನೂ ಹುಡುಕ್ತಿದ್ದೀರಾ ಅಕ್ಕ? ಹೋದ ವರ್ಷ ಇಲ್ಲೇ ಒಂದು ಹೆಣ ಸಿಕ್ಕಿತ್ತು. ನಿಮ್ಮತ್ತೆ ನೋಡಿ, ‘ನನ್ನ ಮಗ ಅಲ್ಲ’ ಅಂದ್ಬಿಟ್ರು. ಪೊಲೀಸ್ನೋರೇ ಮಣ್ಣು ಮಾಡಿದ್ರು."

"ಗುರುತೇನಾದ್ರೂ ಇತ್ತಾ?"

"ಬಲಗೈಲಿ ಆರು ಬೆರಳು."

ಮದುವೆಯ ದಿನ ಅವಳು ಹಿಡಿದು ನಡೆದದ್ದು ಗಂಡನ ಆ ಆರನೆಯ ಬೆರಳನ್ನೇ.

"ಏನಂತೇ ಅವನದು?" ದೂರದಿಂದ ಅತ್ತೆ ಕೂಗಿದಳು.

"ಹಾವಿದೆಯಂತೆ ಅತ್ತೆಮ್ಮ," ಎಂದಳು ಅವಳು. "ನೋಡ್ಕೊಂಡು ಹುಡುಕ್ಬೇಕಂತೆ."