ಹಾರ್ಮೋನಿಯಂ ಒಳಗಿನ ಇಲಿ

ಹಳೆಯ ಹಾರ್ಮೋನಿಯಂನ ತಿದಿಯ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಬಲಗೈ ತಾನಾಗಿ ಸೆರಗಿನೊಳಗೆ ಸೇರಿಕೊಳ್ಳುತ್ತದೆ.

ಮೊಳಕಾಲ್ಮೂರಿನ ಪಾದ್ರಿಗಳ ಶಾಲೆಯಲ್ಲಿ ಶನಿವಾರ ಮಧ್ಯಾಹ್ನ ಹೆಣ್ಣುಮಕ್ಕಳಿಗೆ ಹಾಡಿನ ತರಗತಿ ಇರುತ್ತಿತ್ತು. ಹೇಳಿಕೊಡುತ್ತಿದ್ದವರು ದೂರದೇಶದಿಂದ ಹೊಸದಾಗಿ ಬಂದಿದ್ದ ಸಿಸ್ಟರಮ್ಮ. ಒಂದು ಶನಿವಾರ ಎಷ್ಟು ಒತ್ತಿದರೂ ಹಾರ್ಮೋನಿಯಂ ಪೆಟ್ಟಿಗೆಯಿಂದ ಸ್ವರ ಹೊರಡಲಿಲ್ಲ. ಮುಚ್ಚಳ ತೆಗೆದರೆ ಒಳಗೆ ಸತ್ತ ಇಲಿ.

"ಪಾಪ, ಹಾಡು ಕೇಳಲು ಬಂದಿತ್ತು," ಎಂದು ಸಿಸ್ಟರಮ್ಮ ನಕ್ಕರು. ನಾವು ಯಾರೂ ನಗಲಿಲ್ಲ. ಆ ಕಾಲದಲ್ಲಿ ಇಲಿ ಸತ್ತು ಬಿತ್ತೆಂದರೆ ಊರಿಗೆ ಪ್ಲೇಗು ಬಂದಂತೆಯೇ. ಮನೆ ಬಿಟ್ಟು ಹೊಲದ ಗುಡಿಸಲು ಸೇರಬೇಕು.

ಎಲ್ಲರಿಗಿಂತ ಚೆನ್ನಾಗಿ ಹಾಡುತ್ತಿದ್ದ ನನ್ನ ಗೆಳತಿ ಗಂಗಿ ಎದ್ದು, ಇಲಿಯ ಬಾಲ ಹಿಡಿದು ಬೇಲಿಯಾಚೆ ಎಸೆದು ಬಂದಳು. ನನ್ನ ಕೈ ಹಿಡಿದು, "ಮನ್ಯಾಗೆ ಹೇಳ್ಬ್ಯಾಡ ಕಣೇ, ಊರು ಬಿಡಿಸ್ತಾರೆ. ಹಾಡು ನಿಂತೋಗ್ತೈತೆ," ಎಂದು ಆಣೆ ಮಾಡಿಸಿಕೊಂಡಳು. ಆಮೇಲೆ ಪೆಟ್ಟಿಗೆ ಚೆನ್ನಾಗಿ ನುಡಿಯಿತು. ಸಂಜೆಯವರೆಗೂ ಹಾಡಿದೆವು.

ಉಣ್ಣುವಾಗ ಬಾಯಿತಪ್ಪಿ ಅವ್ವನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಮುದ್ದೆ ಮುರಿಯುತ್ತಿದ್ದ ನನ್ನ ಕೈಯನ್ನು ಅವ್ವ ಗಬಕ್ಕನೆ ಹಿಡಿದಳು.

"ಗಂಗಿ ಹಿಡ್ಕಂಡಿದ್ದು ಇದೇ ಕೈಯೇನೇ?"

ಒಲೆಯ ಬೂದಿ ಹಚ್ಚಿ, ಚರ್ಮ ಕೆಂಪಾಗುವ ತನಕ ತಿಕ್ಕಿದಳು.

"ಗಂಗಿ ಮನಿಗೂ ಹೇಳಿ ಬರ್ಲೇನವ್ವಾ?" ಎಂದೆ.

"ಆ ಮನಿ ಕಡೀಗೆ ಹೋಗ್ಬ್ಯಾಡ," ಎಂದು ಅವ್ವ ಇನ್ನೊಂದು ಹಿಡಿ ಬೂದಿ ತೆಗೆದುಕೊಂಡಳು.